ಕೊಲೆಸ್ಟರಾಲ್ ನಿಯಂತ್ರಣ

ಕೊಲೆಸ್ಟರಾಲ್ ನಿಯಂತ್ರಣ ಎಂದರೆ ರಕ್ತದಲ್ಲಿನ ಕೊಲೆಸ್ಟರಾಲನ್ನು, ವಿಶೇಷವಾಗಿ ಎಲ್‌ಡಿಎಲ್ ಅಂಶವನ್ನು, ಆಹಾರ, ವ್ಯಾಯಾಮ ಹಾಗೂ ಔಷಧಿಗಳಿಂದ ಮಿತಿಯಲ್ಲಿಡುವುದು. ಕೊಲೆಸ್ಟರಾಲ್ ಮೇಣದಂತಹ ಕೊಬ್ಬಿನ ಪದಾರ್ಥ. ಜೀವಕೋಶಗಳ ಪೊರೆ, ಪಿತ್ತರಸ, ಕೆಲವು ಹಾರ್ಮೋನುಗಳು ಮತ್ತು ಡಿ ಜೀವಸತ್ವದ ತಯಾರಿಕೆಗೆ ಇದು ಅವಶ್ಯಕ. ಇದರ ಹೆಚ್ಚಿನ ಭಾಗವನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಎಲ್‌ಡಿಎಲ್ ಅಧಿಕವಾದರೆ ಧಮನಿಗಳ ಒಳಗೋಡೆಯಲ್ಲಿ ಶೇಖರಣೆಗೊಂಡು, ವರ್ಷಗಳ ನಂತರ ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ಕಾರಣವಾಗಬಹುದು. ಅಲ್ಲಿಯವರೆಗೆ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಆದ್ದರಿಂದ ಲಿಪಿಡ್ ಪ್ರೊಫೈಲ್ ಎಂಬ ರಕ್ತಪರೀಕ್ಷೆ ಅಗತ್ಯ.

ಎಲ್ಲರಿಗೂ ಒಂದೇ ಮಿತಿ ಅನ್ವಯಿಸುವುದಿಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಎಲ್‌ಡಿಎಲ್ ಪ್ರಮಾಣವು ಸಾಮಾನ್ಯರಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 100 ಮಿ.ಗ್ರಾಂ.ಗಿಂತ, ಹೆಚ್ಚು ಅಪಾಯವುಳ್ಳವರಲ್ಲಿ 70ಕ್ಕಿಂತ, ಈಗಾಗಲೇ ಹೃದಯಾಘಾತವಾದವರಂತಹ ಅತಿ ಹೆಚ್ಚು ಅಪಾಯದವರಲ್ಲಿ 55ಕ್ಕಿಂತ ಕಡಿಮೆಯಿರಬೇಕು.

ಆಹಾರ

ಆಹಾರದಲ್ಲಿರುವ ಕೊಲೆಸ್ಟರಾಲ್‌ಗಿಂತ ಪರ್ಯಾಪ್ತ ಕೊಬ್ಬು ಮತ್ತು ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಅನ್ನು ಹೆಚ್ಚು ಏರಿಸುತ್ತವೆ. ಎಣ್ಣೆಯ ಪೊಟ್ಟಣದ ಮೇಲಿನ ‘ಕೊಲೆಸ್ಟರಾಲ್ ರಹಿತ’ ಎಂಬ ಬರಹದಿಂದ ವಿಶೇಷವೇನೂ ತಿಳಿಯುವುದಿಲ್ಲ. ಸಸ್ಯಜನ್ಯ ಎಣ್ಣೆಗಳಲ್ಲಿ ಕೊಲೆಸ್ಟರಾಲ್ ಇರುವುದೇ ನಗಣ್ಯ ಪ್ರಮಾಣದಲ್ಲಿ. ಆದರೆ ತಾಳೆ ಎಣ್ಣೆಯ ಸುಮಾರು ಅರ್ಧದಷ್ಟು ಪರ್ಯಾಪ್ತ ಕೊಬ್ಬು. ಎಣ್ಣೆ ಮತ್ತು ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ 2022ರಿಂದ ಜಾರಿಯಲ್ಲಿದೆ.

ಕೊಪ್ಪಳ ಜಿಲ್ಲೆಯ ಗಿಣಿಗೇರಾ, ಕುಷ್ಟಗಿ, ಯಲಬುರ್ಗಾ ಭಾಗದ ರೂಢಿಯ ಊಟ ಈ ದೃಷ್ಟಿಯಿಂದ ಉತ್ತಮವಾದುದು. ಜೋಳದ ರೊಟ್ಟಿಯನ್ನು ಎಣ್ಣೆಯಿಲ್ಲದೆ ಬೇಯಿಸುತ್ತಾರೆ. ಬೇಳೆ, ಕಾಳು, ಪುಂಡಿ ಪಲ್ಯಗಳಲ್ಲಿ ನಾರು ಇದೆ. ಅಗಸಿ, ಶೇಂಗಾ, ಗುರೆಳ್ಳು ಚಟ್ನಿಗಳಲ್ಲಿಯೂ ಕುಸುಬೆ ಎಣ್ಣೆಯಲ್ಲಿಯೂ ಅಪರ್ಯಾಪ್ತ ಕೊಬ್ಬೇ ಹೆಚ್ಚು. ಸಂಜೆಯ ಮಿರ್ಚಿ ಭಜಿಯ ವಿಷಯ ಬೇರೆ. ತುಂಗಭದ್ರಾ ಕಾಲುವೆಯ ನೀರಾವರಿಯಿರುವ ಗಂಗಾವತಿ ಕಡೆ ಬಿಳಿ ಅನ್ನವೇ ಮುಖ್ಯ ಆಹಾರ. ಅನ್ನ, ಸಕ್ಕರೆ, ಮದ್ಯಗಳ ಅತಿ ಸೇವನೆಯಿಂದ ಏರುವುದು ಮುಖ್ಯವಾಗಿ ಟ್ರೈಗ್ಲಿಸರೈಡ್. ಭಾರತೀಯರಲ್ಲಿ ಇದು ಸಾಮಾನ್ಯವಾಗಿ ಕಂಡುಬರುವ ಸಮಸ್ಯೆ.

ಔಷಧಿ

ಆನುವಂಶಿಕವಾಗಿ ಎಲ್‌ಡಿಎಲ್ ಅಧಿಕವಿರುವವರಿಗೆ ಪಥ್ಯವೊಂದೇ ಸಾಲದು. ಪ್ರಮುಖ ಔಷಧಿಯಾದ ಸ್ಟ್ಯಾಟಿನ್ ಅನ್ನು 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಶಿಲೀಂಧ್ರದಿಂದ ಮೊದಲು ಬೇರ್ಪಡಿಸಿದರು. ಇದು ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಕೆಯನ್ನು ತಗ್ಗಿಸುತ್ತದೆ. ಆಗ ಯಕೃತ್ತು ರಕ್ತದಿಂದ ಹೆಚ್ಚು ಎಲ್‌ಡಿಎಲ್ ಅನ್ನು ಸೆಳೆದುಕೊಳ್ಳುತ್ತದೆ. ಅಟೊರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಮಾತ್ರೆಗಳು ಪ್ರಮಾಣಕ್ಕನುಗುಣವಾಗಿ ಎಲ್‌ಡಿಎಲ್ ಅನ್ನು ಶೇ. 30ರಿಂದ 50ರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಇಳಿಸಬಲ್ಲವು. ಸಾಲದಿದ್ದರೆ ಎಜೆಟಿಮೈಬ್ ಸೇರಿಸಲಾಗುತ್ತದೆ. ಕೆಲವರಲ್ಲಿ ಸ್ನಾಯುನೋವು ಕಾಣಿಸಬಹುದು, ಮಧುಮೇಹದ ಸಾಧ್ಯತೆ ಅಲ್ಪ ಪ್ರಮಾಣದಲ್ಲಿ ಹೆಚ್ಚುತ್ತದೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಚಿಕಿತ್ಸೆ ಆರಂಭಿಸಿದ 4ರಿಂದ 12 ವಾರಗಳಲ್ಲಿ ಮರುಪರೀಕ್ಷೆ ಮಾಡಲಾಗುತ್ತದೆ. ವರದಿ ಸರಿಯಾಗಿದೆಯೆಂದು ರೋಗಿಗಳು ತಾವಾಗಿಯೇ ಮಾತ್ರೆ ಬಿಡುವುದುಂಟು. ಆದರೆ ಆ ಇಳಿಕೆ ಮಾತ್ರೆಯಿಂದ ಆದುದು. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಿಂದಿನ ಮಟ್ಟಕ್ಕೆ ಮರಳುತ್ತದೆ.