ಪೇಟೆಂಟಿನ ಅಂತ್ಯ ಮತ್ತು ಹೆಸರಿನ ಒಡೆತನ: ಸಿಂಗರ್ ಹೊಲಿಗೆ ಯಂತ್ರದ ಪ್ರಸಂಗ

ಜನಪದ ಕಥೆಗಾಗಲಿ ಹಾಡಿಗಾಗಲಿ ಒಬ್ಬನೇ ಒಡೆಯನಿಲ್ಲ. ಹೇಳಿದವರು, ಕೇಳಿದವರು ಎಲ್ಲರೂ ಅದರ ಹಕ್ಕುದಾರರೇ. ಯಂತ್ರದ ವಿಷಯ ಹಾಗಲ್ಲ. ಹೊಸತನ್ನು ಕಂಡುಹಿಡಿದವನಿಗೆ ಪ್ರಭುತ್ವವು ಪೇಟೆಂಟಿನ ಮೂಲಕ ನಿಗದಿತ ಕಾಲದ ಏಕಸ್ವಾಮ್ಯವನ್ನು ನೀಡುತ್ತದೆ. ಪ್ರತಿಯಾಗಿ ಅವನು ತನ್ನ ಶೋಧದ ವಿವರಗಳನ್ನು ಬಹಿರಂಗಪಡಿಸಬೇಕು. ಅವಧಿ ಮುಗಿದೊಡನೆ ಆ ತಿಳಿವಳಿಕೆ ಸಾರ್ವಜನಿಕ ಸ್ವತ್ತಾಗುತ್ತದೆ. ವಸ್ತುವಿನೊಡನೆ ಅದರ ಹೆಸರೂ ಸಾರ್ವಜನಿಕವಾಗುವುದೇ? ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಈ ಪ್ರಶ್ನೆ ಸಿಂಗರ್ ಹೊಲಿಗೆ ಯಂತ್ರದ ಸಂಬಂಧದಲ್ಲಿ ತೀವ್ರವಾಗಿ ಎದ್ದಿತು.

ಹೊಲಿಗೆ ಯಂತ್ರಕ್ಕೆ ಎಲಿಯಾಸ್ ಹೋವ್ 1846ರಲ್ಲಿಯೂ ಐಸಾಕ್ ಸಿಂಗರ್ 1851ರಲ್ಲಿಯೂ ಪೇಟೆಂಟ್ ಪಡೆದರು. ಯಂತ್ರದ ಮುಖ್ಯ ಭಾಗಗಳ ಹಕ್ಕು ಬೇರೆ ಬೇರೆಯವರಲ್ಲಿ ಹಂಚಿಹೋಗಿದ್ದುದರಿಂದ ಇನ್ನೊಬ್ಬರ ಹಕ್ಕನ್ನು ಮೀರದೆ ಪೂರ್ಣ ಯಂತ್ರವನ್ನು ತಯಾರಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ವ್ಯಾಜ್ಯಗಳಿಂದ ಬಳಲಿದ ಹೋವ್, ಸಿಂಗರ್, ವೀಲರ್ ಅಂಡ್ ವಿಲ್ಸನ್ ಹಾಗೂ ಗ್ರೋವರ್ ಅಂಡ್ ಬೇಕರ್ ಸಂಸ್ಥೆಗಳು 1856ರಲ್ಲಿ ತಮ್ಮ ಪೇಟೆಂಟುಗಳನ್ನು ಒಗ್ಗೂಡಿಸಿ ಒಂದು ಕೂಟವನ್ನು ರಚಿಸಿಕೊಂಡವು. ಪರವಾನಗಿ ಶುಲ್ಕ ಆರಂಭದಲ್ಲಿ ಯಂತ್ರವೊಂದಕ್ಕೆ 15 ಡಾಲರ್ ಆಗಿತ್ತು. ಹೋವ್‌ನ ಪೇಟೆಂಟ್ 1867ರಲ್ಲಿ ಮುಗಿಯಿತು. ಕೂಟದ ಕೈಯಲ್ಲಿದ್ದ ಕೊನೆಯ ಪ್ರಮುಖ ಪೇಟೆಂಟ್ 1877ರಲ್ಲಿ ಮುಗಿದಾಗ ಕೂಟವೂ ಅಂತ್ಯಗೊಂಡಿತು. ಹೊಸ ತಯಾರಕರು ಮಾರುಕಟ್ಟೆಯನ್ನು ಪ್ರವೇಶಿಸಿದರು, ಬೆಲೆಗಳು ಇಳಿದವು.

ಷಿಕಾಗೋದ ಜೂನ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಸಿಂಗರ್ ಮಾದರಿಯ ಯಂತ್ರಗಳನ್ನು ತಯಾರಿಸಿ, ಅವುಗಳನ್ನು ಸಿಂಗರ್ ಎಂಬ ಹೆಸರಿನಿಂದಲೇ ಮಾರಿತು. ಸಿಂಗರ್ ಸಂಸ್ಥೆ ನ್ಯಾಯಾಲಯದ ಮೊರೆಹೊಕ್ಕಿತು. 1896ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಎರಡೂ ಪಕ್ಷಗಳನ್ನು ತೂಗಿನೋಡುವಂತಹುದು. ಏಕಸ್ವಾಮ್ಯದ ಕಾಲದಲ್ಲಿ ಜನರು ಆ ಬಗೆಯ ಯಂತ್ರವನ್ನೇ ಸಿಂಗರ್ ಎಂದು ಕರೆಯತೊಡಗಿದ್ದರು. ಆದುದರಿಂದ ಪೇಟೆಂಟ್ ಮುಗಿದಾಗ ಯಂತ್ರವನ್ನು ತಯಾರಿಸುವ ಹಕ್ಕಿನಂತೆ ಆ ಹೆಸರನ್ನು ಬಳಸುವ ಹಕ್ಕೂ ಸಾರ್ವಜನಿಕರಿಗೆ ಸಂದಿತು. ಆದರೆ ಆ ಹೆಸರನ್ನು ಬಳಸುವವರು ಯಂತ್ರವನ್ನು ತಯಾರಿಸಿದವರು ತಾವೇ ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಜೂನ್ ಕಂಪನಿ ಹಾಗೆ ಮಾಡಿರದ ಕಾರಣ ಆ ಬಳಕೆಗೆ ನ್ಯಾಯಾಲಯ ತಡೆಯೊಡ್ಡಿತು.

ಪೇಟೆಂಟ್ ಹೋದರೂ ಸಿಂಗರ್ ಸಂಸ್ಥೆ ಕುಸಿಯಲಿಲ್ಲ. 1850ರ ದಶಕದಲ್ಲಿಯೇ ಆರಂಭಿಸಿದ್ದ ಕಂತಿನ ಮಾರಾಟ ಹಾಗೂ ಊರೂರಿಗೆ ಹಬ್ಬಿದ ಏಜೆಂಟರ ಜಾಲ ಅದಕ್ಕೆ ಆಸರೆಯಾದವು. 1885ರಲ್ಲಿ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಅದರ ಬೃಹತ್ ಕಾರ್ಖಾನೆ ಆರಂಭವಾಯಿತು. ಗಮನಾರ್ಹ ಸಂಗತಿಯೆಂದರೆ, ದೀರ್ಘಕಾಲದ ನಿರಂತರ ಬಳಕೆಯಿಂದ ಸಂಸ್ಥೆಯು ತನ್ನ ಹೆಸರನ್ನು ಮರಳಿ ಗಳಿಸಿಕೊಂಡಿದೆಯೆಂದು 1953ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಒಪ್ಪಿಕೊಂಡಿತು.

ಪೇಟೆಂಟಿನ ಆಯುಷ್ಯವನ್ನು ಶಾಸನ ನಿರ್ಧರಿಸುತ್ತದೆ. ಒಮ್ಮೆ ಸಾರ್ವಜನಿಕವಾದ ಶೋಧ ಮತ್ತೆ ಒಬ್ಬನ ಸ್ವತ್ತಾಗುವುದಿಲ್ಲ. ಹೆಸರಿನ ಗತಿಯನ್ನು ನಿರ್ಧರಿಸುವುದು ಜನರ ನುಡಿ. ಸಿಂಗರ್ ಎಂಬ ಹೆಸರನ್ನು ಎಲ್ಲರದಾಗಿಸಿದ್ದೂ ಜನರ ಬಳಕೆಯೇ, ಅದನ್ನು ಒಂದು ಸಂಸ್ಥೆಗೆ ಮರಳಿಸಿದ್ದೂ ಜನರ ಬಳಕೆಯೇ. ನ್ಯಾಯಾಲಯಗಳು ಎರಡು ಸಲವೂ ಆ ಬಳಕೆಯನ್ನು ಆಲಿಸಿ ತೀರ್ಪಿತ್ತವು. ಹೆಸರುಗಳ ಹುಟ್ಟು, ಹರಿವುಗಳನ್ನು ಅಭ್ಯಸಿಸುವ ಜಾನಪದ ಶಾಸ್ತ್ರಕ್ಕೆ ಈ ಪ್ರಸಂಗ ಆದುದರಿಂದಲೇ ಮುಖ್ಯವಾದುದು.