ಗಾರೆ ಮೇಸ್ತ್ರಿಯ ಹೊಣೆ: ಕೊಡಗೆಯಿಂದ ವಿಮೆಯವರೆಗೆ



ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ನೀವು ಹೋಗಿದ್ದರೆ, ಕಾವೇರಿಯ ದಡದಲ್ಲಿರುವ ರಾಮೇಶ್ವರ ಮತ್ತು ಸುಬ್ರಹ್ಮಣ್ಯ ದೇವಾಲಯಗಳನ್ನು ನೋಡಿರುತ್ತೀರಿ. ಹೊಳೆಯಲ್ಲಿ ಗುಂಪುಗುಂಪಾಗಿ ಬರುವ ಮೀನುಗಳಿಗೆ ಪುರಿಯನ್ನೂ ಎಸೆದಿರಬಹುದು. ಅಲ್ಲಿಂದ ಮೇಲಕ್ಕೆ, ಕಟ್ಟೇಪುರದ ಬಳಿ, ನದಿಗೆ ಅಡ್ಡಲಾಗಿ ಅರಸರ ಕಾಲದ ಒಂದು ಕಲ್ಲಿನ ಅಣೆಕಟ್ಟೆ ಇದೆ. ಅದನ್ನು ಕೃಷ್ಣರಾಜ ಕಟ್ಟೆ ಎನ್ನುತ್ತಾರೆ. ಅದರ ನಾಲೆಗಳ ನೀರಿನಿಂದ ಈ ಭಾಗದ ಗದ್ದೆಗಳು ಹಸಿರಾಗಿವೆ.

ಇಂಥವುಗಳನ್ನು ಕಟ್ಟಿಸಿದವರ ವಿಷಯವನ್ನು ಚರಿತ್ರೆಯ ಪುಸ್ತಕಗಳು ನಮಗೆ ಹೇಳುತ್ತವೆ. ಇಂದು ನಾವು ಬೇರೊಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ. ಕಲ್ಲು ಏರಿಸುವಾಗ ಹಗ್ಗ ಕಿತ್ತು ಒಬ್ಬ ಆಳು ಸತ್ತರೆ ಅವನ ಹೆಂಡತಿ ಮಕ್ಕಳ ಗತಿ ಏನು? ಅರ್ಧ ಕಟ್ಟಿದ ಗೋಡೆ ಪ್ರವಾಹದಲ್ಲಿ ಕೊಚ್ಚಿಹೋದರೆ ಅದರ ನಷ್ಟವನ್ನು ಯಾರು ಹೊರಬೇಕು? ಈ ಪ್ರಶ್ನೆಗೆ ಬೇರೆ ಬೇರೆ ಕಾಲದ ಜನ ಕೊಟ್ಟ ಉತ್ತರಗಳೇ ಗಾರೆ ಕೆಲಸದ ಗುತ್ತಿಗೆದಾರರ ವಿಮೆಯ ಇತಿಹಾಸ.

ಶಾಸನಗಳು ಹೇಳುವುದೇನು?

ನಮ್ಮ ನಾಡಿನ ಶಿಲ್ಪಿಗಳು ಪೂರ್ತಿಯಾಗಿ ಅನಾಮಿಕರಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ವಿಗ್ರಹಗಳ ಕೆಳಗೆ ಬೈಚೋಜ ಮತ್ತು ಮಲ್ಲಿತಮ್ಮ ಎಂಬ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿದ್ದಾರೆ. ಆದರೆ ಕಲ್ಲು ಹೊತ್ತವರು, ಗಾರೆ ಅರೆದವರು, ಸಾರುವೆ ಹತ್ತಿದವರ ಹೆಸರು ಅಲ್ಲಿಲ್ಲ.

ಹಾಗಾದರೆ ನಷ್ಟವನ್ನು ತುಂಬಿಕೊಡುವ ಕಲ್ಪನೆಯೇ ಆಗ ಇರಲಿಲ್ಲವೇ? ಇತ್ತು. ಯುದ್ಧದಲ್ಲಿಯೋ ತುರುಗಾಳಗದಲ್ಲಿಯೋ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಅದನ್ನು ಶಾಸನಗಳು 'ನೆತ್ತರುಗೊಡಗೆ' ಎಂದು ಕರೆಯುತ್ತವೆ. ಕೆರೆಯನ್ನು ಕಟ್ಟಿದವರಿಗೆ ಕೊಟ್ಟ ಭೂಮಿ 'ಕೆರೆಗೊಡಗೆ'. ಕೆರೆಯ ಊರ್ಜಿತಕ್ಕಾಗಿ ಬಿಟ್ಟದ್ದು 'ಬಿತ್ತುವಟ್ಟ'. ಎಂದರೆ, ಊರಿಗಾಗಿ ಜೀವ ತೆತ್ತವನ ಸಂಸಾರವನ್ನು ಊರು ನೋಡಿಕೊಳ್ಳಬೇಕು ಎಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಇತ್ತು. ಆದರೆ ಕೊಡಗೆ ಎಂಬುದು ಕೊಡುವವನ ಮನಸ್ಸಿಗೆ ಬಿಟ್ಟ ವಿಷಯ. ಅದು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಡೆಯುವವನು ಅದನ್ನು ಹಕ್ಕೆಂದು ಕೇಳುವಂತಿರಲಿಲ್ಲ.

ಬ್ಯಾಬಿಲೋನಿನಿಂದ ಲಂಡನ್ನಿಗೆ

ಹೊರಗಿನ ಪ್ರಪಂಚ ಈ ಪ್ರಶ್ನೆಗೆ ಕೊಟ್ಟ ಮೊದಲ ಉತ್ತರ ಬಹಳ ಕಠಿಣವಾದದ್ದು. ಸುಮಾರು 3,750 ವರ್ಷಗಳ ಹಿಂದೆ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಹೊರಡಿಸಿದ ಕಟ್ಟಳೆಗಳ ಪ್ರಕಾರ, ಮನೆ ಕುಸಿದು ಯಜಮಾನ ಸತ್ತರೆ ಅದನ್ನು ಕಟ್ಟಿದವನಿಗೆ ಮರಣದಂಡನೆ. ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನಿಗೆ ಮರಣ. ಗೋಡೆ ವಾಲಿದರೆ ಕಟ್ಟಿದವನೇ ತನ್ನ ಸ್ವಂತ ಖರ್ಚಿನಲ್ಲಿ ಅದನ್ನು ಸರಿಪಡಿಸಬೇಕು. ಇಲ್ಲಿ ಹೊಣೆ ಸ್ಪಷ್ಟವಾಗಿದೆ. ಆದರೆ ಅದೆಲ್ಲವೂ ಒಬ್ಬನ ತಲೆಯ ಮೇಲೆಯೇ ಬಿದ್ದಿದೆ.

ಹೊಣೆಯನ್ನು ಹಲವರು ಹಂಚಿಕೊಳ್ಳುವ ಉಪಾಯವೇ ವಿಮೆ. ಇದನ್ನು ಅರ್ಥ ಮಾಡಿಕೊಳ್ಳಲು ನೀವು ದೂರ ಹೋಗಬೇಕಿಲ್ಲ. ಮದುವೆಯ ಮನೆಯಲ್ಲಿ ಮುಯ್ಯಿ ಬರೆಯುವುದನ್ನು ನೀವು ನೋಡಿದ್ದೀರಿ. ಇಂದು ಇವರ ಮನೆಯ ಖರ್ಚಿಗೆ ಊರವರೆಲ್ಲ ಸ್ವಲ್ಪ ಸ್ವಲ್ಪ ಕೊಡುತ್ತಾರೆ, ನಾಳೆ ಅವರ ಮನೆಗೆ ಇವರು ಕೊಡುತ್ತಾರೆ. ಮುಯ್ಯಿ ತಿರುಗಿ ಬರುವುದು ಖರ್ಚಿನ ದಿನ, ವಿಮೆಯ ಹಣ ಬರುವುದು ಕಷ್ಟದ ದಿನ. ವ್ಯತ್ಯಾಸವೆಂದರೆ, ವಿಮೆಯಲ್ಲಿ ಕಷ್ಟ ಬಾರದವನಿಗೆ ಹಣ ಹಿಂದಕ್ಕೆ ಬರುವುದಿಲ್ಲ. ಅವನು ಕಟ್ಟಿದ ಕಂತು ಕಷ್ಟ ಬಂದವನ ಪಾಲಿಗೆ ಸೇರುತ್ತದೆ.

1666ರಲ್ಲಿ ಲಂಡನ್ ನಗರದ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಆನಂತರ ನಗರವನ್ನು ಮತ್ತೆ ಕಟ್ಟುವ ಕೆಲಸದಲ್ಲಿ ತೊಡಗಿದ್ದ ನಿಕೊಲಸ್ ಬಾರ್ಬನ್ 1680ರ ಸುಮಾರಿಗೆ ಮನೆಗಳಿಗೆ ಅಗ್ನಿ ವಿಮೆಯ ಕಚೇರಿಯನ್ನು ತೆರೆದ. ಅಗ್ನಿ ವಿಮೆಯ ವ್ಯಾಪಾರವನ್ನು ಆರಂಭಿಸಿದವರಲ್ಲಿ ಮೊದಲಿಗನಾದ ಈತ ಸ್ವತಃ ಕಟ್ಟಡಗಳ ವ್ಯವಹಾರಸ್ಥನಾಗಿದ್ದನೆಂಬುದು ಗಮನಾರ್ಹ.

ಆದರೆ ಕಟ್ಟಡಕ್ಕೆ ಸಿಕ್ಕ ರಕ್ಷಣೆ ಕಟ್ಟುವವನಿಗೆ ಸಿಗಲು ಇನ್ನೂ ಎರಡು ಶತಮಾನಗಳು ಬೇಕಾದವು. ಇಂಗ್ಲೆಂಡಿನಲ್ಲಿ 1897ರಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಬಂತು. ಧಣಿಯ ತಪ್ಪನ್ನು ಸಾಬೀತು ಮಾಡದೆಯೇ ಗಾಯಗೊಂಡವನು ಪರಿಹಾರ ಪಡೆಯಬಹುದು ಎಂಬುದೇ ಅದರ ಹೊಸತನ. ಆದರೂ ಸಾರುವೆ ಕಟ್ಟಿ ಮಾಡುವ ಕೆಲಸಕ್ಕೆ ಅದು ಅನ್ವಯಿಸಬೇಕಾದರೆ ಕಟ್ಟಡ 30 ಅಡಿಗಿಂತ ಎತ್ತರವಾಗಿರಬೇಕಿತ್ತು! 20 ಅಡಿಯಿಂದ ಬಿದ್ದವನ ಬೆನ್ನುಮೂಳೆ ಮುರಿಯುವುದಿಲ್ಲವೇ ಎಂದು ನೀವು ಕೇಳಬಹುದು. 1906ರಲ್ಲಿ ಈ ಕಾಯಿದೆಯನ್ನು ವಿಸ್ತರಿಸಲಾಯಿತು.

ಹೀಗೆ ಹೊಣೆ ಕಾನೂನಿನ ಮೂಲಕ ಧಣಿಯ ಮೇಲೆ ಬಂದಾಗ, ಧಣಿಗೂ ವಿಮೆ ಬೇಕಾಯಿತು. 1929ರಲ್ಲಿ ಲಂಡನ್ನಿನ ಥೇಮ್ಸ್ ನದಿಗೆ ಲ್ಯಾಂಬೆತ್ ಸೇತುವೆಯನ್ನು ಕಟ್ಟುವಾಗ, ಕಾಮಗಾರಿಯ ಎಲ್ಲ ಬಗೆಯ ಅಪಾಯಗಳನ್ನೂ ಒಟ್ಟಿಗೆ ಒಳಗೊಂಡ ವಿಮೆಯನ್ನು ಮೊದಲ ಬಾರಿಗೆ ಬರೆಯಲಾಯಿತು. ಇಂದಿಗೂ ಅದನ್ನು 'ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್ ಪಾಲಿಸಿ' ಎಂದೇ ಕರೆಯುತ್ತಾರೆ.

ಮೈಸೂರು ಸಂಸ್ಥಾನದಲ್ಲಿ

ಈಗ ನಮ್ಮ ನಾಡಿಗೆ ಮರಳೋಣ. ಮೈಸೂರು ಸರ್ಕಾರಕ್ಕೆ ವಿಮೆ ಹೊಸದಾಗಿರಲಿಲ್ಲ. 1891ರಲ್ಲಿಯೇ ಅದು ತನ್ನ ನೌಕರರಿಗಾಗಿ ಜೀವವಿಮೆಯನ್ನು ಆರಂಭಿಸಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ಮುಂದುವರಿಕೆ. ಆದರೆ ಅದು ಕಚೇರಿಯಲ್ಲಿ ಕುಳಿತು ಬರೆಯುವ ಗುಮಾಸ್ತನಿಗೆ ಸಿಕ್ಕ ಆಸರೆ, ದಿನಗೂಲಿಯ ಮೇಲೆ ಕಲ್ಲು ಕಟ್ಟುವವನಿಗಲ್ಲ.

ರಾಮನಾಥಪುರವನ್ನು ದಾಟಿದ ಕಾವೇರಿ ಚುಂಚನಕಟ್ಟೆಯ ಮೂಲಕ ಕನ್ನಂಬಾಡಿಯನ್ನು ಸೇರುತ್ತದೆ. ಅಲ್ಲಿ 1911ರಲ್ಲಿ ಆರಂಭವಾಗಿ 1931ರವರೆಗೆ ನಡೆದ ಕೃಷ್ಣರಾಜಸಾಗರದ ಕಾಮಗಾರಿ ಕಲ್ಲು ಮತ್ತು ಸುರ್ಕಿ ಗಾರೆಯ ಕೆಲಸ. ಸಾವಿರಾರು ಜನ ಅಲ್ಲಿ ದುಡಿದರು. ಆ ಕೆಲಸಕ್ಕೆ ಕೈಹಾಕಿದಾಗ ಭಾರತದಲ್ಲಿ ತಪ್ಪು ಸಾಬೀತಾಗದಿದ್ದರೂ ಕಾರ್ಮಿಕನಿಗೆ ಪರಿಹಾರ ಕೊಡಿಸುವ ಶಾಸನವೇ ಇರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಅಂಥ ಕಾಯಿದೆ ಬಂದದ್ದು 1923ರಲ್ಲಿ, ಜಾರಿಯಾದದ್ದು 1924ರ ಜುಲೈ 1ರಂದು. ಸಂಸ್ಥಾನವಾಗಿದ್ದ ಮೈಸೂರಿಗೆ ಅದು ತಾನಾಗಿಯೇ ಅನ್ವಯಿಸುತ್ತಿರಲಿಲ್ಲ.

ಮೇಸ್ತ್ರಿಯ ಇಕ್ಕಟ್ಟು

1923ರ ಕಾಯಿದೆಯ 12ನೆಯ ಕಲಮು ನಮ್ಮ ವಿಷಯಕ್ಕೆ ಬಹಳ ಮುಖ್ಯ. ವ್ಯಾಪಾರ ವ್ಯವಹಾರ ನಡೆಸುವವನು ತನ್ನ ಕೆಲಸವನ್ನು ಗುತ್ತಿಗೆ ಕೊಟ್ಟಿದ್ದರೂ ಅಪಘಾತದ ಪರಿಹಾರಕ್ಕೆ ಅವನೇ ಬದ್ಧ. ಕೊಟ್ಟ ಮೇಲೆ ಆ ಹಣವನ್ನು ಅವನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಎಂದರೆ, ಹೊಣೆ ಮೇಲಿನಿಂದ ಇಳಿಯುತ್ತಾ ಕೊನೆಗೆ ಮೇಸ್ತ್ರಿಯ ಹೆಗಲಿಗೆ ಬರುತ್ತದೆ.

ಈ ಮೇಸ್ತ್ರಿ ಯಾರು? ನಿನ್ನೆಯವರೆಗೆ ತಾನೇ ಕರಣೆ ಹಿಡಿದವನು. ಇಂದು ಐದಾರು ಆಳುಗಳನ್ನು ಕಟ್ಟಿಕೊಂಡು ಮನೆ ಕೆಲಸ ಒಪ್ಪಿಕೊಂಡಿದ್ದಾನೆ. ವಾರಕ್ಕೊಮ್ಮೆ ಬಟವಾಡೆ ಮಾಡಿದ ಮೇಲೆ ಅವನ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಕಾನೂನಿನ ಕಣ್ಣಿನಲ್ಲಿ ಮಾತ್ರ ಅವನು ಧಣಿ.

ಒಂದು ಲೆಕ್ಕ ಮಾಡೋಣ. 2020ರ ಜನವರಿಯಲ್ಲಿ ಈ ಕಾಯಿದೆಯ ಲೆಕ್ಕಕ್ಕೆ ಹಿಡಿಯುವ ಮಾಸಿಕ ವೇತನದ ಮಿತಿಯನ್ನು 15,000 ರೂಪಾಯಿಗೆ ಏರಿಸಲಾಯಿತು. ಕೆಲಸದ ಮೇಲೆ ಸತ್ತವನ ವಯಸ್ಸು 30 ಆಗಿದ್ದರೆ, ವೇತನದ ಅರ್ಧವನ್ನು 207.98 ಎಂಬ ಅಂಕದಿಂದ ಗುಣಿಸಬೇಕು. 7,500ನ್ನು 207.98ರಿಂದ ಗುಣಿಸಿದರೆ 15,59,850 ರೂಪಾಯಿ. ಸತ್ತವನ ಸಂಸಾರಕ್ಕೆ ಇದು ಹೆಚ್ಚಿನ ಹಣವೇನಲ್ಲ. ಆದರೆ ಮೇಸ್ತ್ರಿ ಇದನ್ನು ಎಲ್ಲಿಂದ ತಂದಾನು? ಅವನಲ್ಲಿ ಇಲ್ಲದಿದ್ದರೆ ತೀರ್ಪು ಕಾಗದದ ಮೇಲೆಯೇ ಉಳಿಯುತ್ತದೆ. ಇದ್ದ ಮನೆಯನ್ನು ಮಾರಿ ಕೊಟ್ಟರೆ ಎರಡು ಸಂಸಾರಗಳು ಬೀದಿಗೆ ಬರುತ್ತವೆ. ಹೊಣೆ ಇದ್ದು ವಿಮೆ ಇಲ್ಲದಿದ್ದರೆ ಯಾರಿಗೂ ನ್ಯಾಯ ಸಿಗುವುದಿಲ್ಲ ಎಂಬ ಪಾಠ ಇಲ್ಲಿದೆ.

ಮೇಸ್ತ್ರಿಗೆ ಬೇಕಾದ ವಿಮೆ ಮೂರು ಬಗೆಯದು. ಆಳುಗಳಿಗೆ ಕೊಡಬೇಕಾದ ಪರಿಹಾರಕ್ಕೆ ಒಂದು. ಕಾಮಗಾರಿಗೂ ಸಾಮಗ್ರಿಗೂ ಆಗುವ ನಷ್ಟಕ್ಕೆ ಇನ್ನೊಂದು. ದಾರಿಹೋಕರಿಗೆ, ಪಕ್ಕದ ಮನೆಯವರಿಗೆ ಆಗುವ ಹಾನಿಗೆ ಮತ್ತೊಂದು. ಎರಡನೆಯದೂ ಮೂರನೆಯದೂ ಮೇಲೆ ಹೇಳಿದ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್ ಪಾಲಿಸಿಯಲ್ಲಿ ಸೇರಬಲ್ಲವು. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಮಳೆಯಿಂದ ಕಾವೇರಿ ಉಕ್ಕಿ ರಾಮನಾಥಪುರದ ದಡದ ಬೀದಿಗಳಿಗೆ ನೀರು ನುಗ್ಗಿತು. ಅಂಥ ಪ್ರವಾಹದಲ್ಲಿ ಅರ್ಧ ಎದ್ದ ಗೋಡೆ ಬಿದ್ದರೆ, ನೀರಿನಲ್ಲಿ ಸಿಮೆಂಟ್ ಚೀಲಗಳು ಗಟ್ಟಿಯಾದರೆ ಈ ಪಾಲಿಸಿ ನೆರವಿಗೆ ಬರುತ್ತದೆ. ವಿನ್ಯಾಸದ ದೋಷಕ್ಕೆ ಮತ್ತು ಬೇಕೆಂದೇ ಮಾಡಿದ ಅಲಕ್ಷ್ಯಕ್ಕೆ ಅದು ಬರುವುದಿಲ್ಲ.

ಇನ್ನೊಂದು ನಿಯಮವನ್ನೂ ತಿಳಿದಿರಬೇಕು. 40 ಲಕ್ಷದ ಕಟ್ಟಡಕ್ಕೆ ಕಂತು ಉಳಿಸಲೆಂದು 20 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದರೆ, 4 ಲಕ್ಷ ನಷ್ಟವಾದಾಗ ಸಿಗುವುದು ಹೆಚ್ಚೆಂದರೆ 2 ಲಕ್ಷ. ಅರ್ಧ ವಿಮೆಗೆ ಅರ್ಧ ಪರಿಹಾರ.

ದೂರ ಉಳಿದ ದಾರಿ

1973ರ ಜನವರಿ 1ರಂದು ನಮ್ಮ ದೇಶದ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು, 107 ಸಂಸ್ಥೆಗಳ ವ್ಯವಹಾರ ನಾಲ್ಕು ಸರ್ಕಾರಿ ಕಂಪನಿಗಳಲ್ಲಿ ಸೇರಿತು. 1999ರ ಕಾಯಿದೆಯ ನಂತರ ಖಾಸಗಿ ಕಂಪನಿಗಳೂ ಬಂದವು. ಹೀಗಿದ್ದೂ ಕಟ್ಟಡಗಳು ಕುಸಿಯುವುದು ನಿಲ್ಲಲಿಲ್ಲ. 1983ರಲ್ಲಿ ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್ ತಿಂಗಳಲ್ಲಿ ಧಾರವಾಡದಲ್ಲಿ ಇನ್ನೂ ಪೂರ್ಣಗೊಳ್ಳದ ಕಟ್ಟಡವೊಂದು ಬಿದ್ದು ಹಲವರು ಪ್ರಾಣ ಕಳೆದುಕೊಂಡರು.

1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರಿಗಾಗಿ ಎರಡು ಕಾಯಿದೆಗಳನ್ನು ಮಾಡಿತು. ಕಟ್ಟಡದ ವೆಚ್ಚದ ಮೇಲೆ ಶೇಕಡ 1ರಷ್ಟು ಸೆಸ್ ಸಂಗ್ರಹಿಸಿ ಅದನ್ನು ಕಾರ್ಮಿಕರ ಕಲ್ಯಾಣಕ್ಕೆ ಬಳಸುವ ವ್ಯವಸ್ಥೆ ಅದರಿಂದ ಬಂತು. ಕರ್ನಾಟಕದ ಕಲ್ಯಾಣ ಮಂಡಳಿ 2007ರಲ್ಲಿ ಸ್ಥಾಪನೆಯಾಯಿತು. 1923ರ ಕಾಯಿದೆಯ ಮತ್ತು 1996ರ ಸೆಸ್ ಕಾಯಿದೆಯ ವಿಷಯವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆ ಒಂದೆಡೆ ಸೇರಿಸಿತು. ಅದು 2025ರ ನವೆಂಬರ್ 21ರಂದು ಜಾರಿಗೆ ಬಂತು. ಆದರೆ ಕಲ್ಯಾಣ ಮಂಡಳಿಯ ನೆರವು ನೋಂದಾಯಿಸಿಕೊಂಡ ಕಾರ್ಮಿಕನಿಗೆ ಸಲ್ಲುವಂಥದು. ಅದರಿಂದ ಮೇಸ್ತ್ರಿಯ ಹೊಣೆ ಇಳಿಯುವುದಿಲ್ಲ. ಅದಕ್ಕೆ ಅವನು ಪ್ರತ್ಯೇಕವಾಗಿ ವಿಮೆ ಮಾಡಿಸಲೇಬೇಕು.

ಮಿತ್ರರೇ, ಕೊಡಗೆ ಕೊಡುವವನ ಕೃಪೆಯಾಗಿತ್ತು. ಪರಿಹಾರ ಪಡೆಯುವವನ ಹಕ್ಕಾಯಿತು. ಆ ಹಕ್ಕಿಗೆ ಹಣದ ಬೆಂಬಲ ಕೊಡುವುದು ವಿಮೆ. ಈ ಮೂರನೆಯ ಮೆಟ್ಟಿಲನ್ನು ನಮ್ಮ ಎಷ್ಟೋ ಮೇಸ್ತ್ರಿಗಳು ಇನ್ನೂ ಏರಿಲ್ಲ. ನಿಮ್ಮ ಬೀದಿಯಲ್ಲಿ ಮನೆ ಏಳುತ್ತಿದ್ದರೆ, ಬಿಡುವಿನ ವೇಳೆಯಲ್ಲಿ ಅಲ್ಲಿನ ಮೇಸ್ತ್ರಿಯನ್ನು ಮಾತನಾಡಿಸಿ. ಆಳುಗಳಿಗೆ ವಿಮೆ ಇದೆಯೇ, ಕಾಮಗಾರಿಗೆ ಇದೆಯೇ ಎಂದು ವಿನಯದಿಂದ ಕೇಳಿ. ಮನೆ ಕಟ್ಟಿಸುತ್ತಿರುವವರು ನಿಮ್ಮ ತಂದೆ ತಾಯಿಯೇ ಆಗಿದ್ದರೆ, ಕಂತಿನ ಹಣವನ್ನೂ ಅಂದಾಜು ಪಟ್ಟಿಯಲ್ಲಿ ಸೇರಿಸುವಂತೆ ಅವರಿಗೆ ಹೇಳಿ. ಮರಳು, ಇಟ್ಟಿಗೆಯ ಲೆಕ್ಕದ ಜೊತೆಗೆ ಸಾರುವೆಯ ಮೇಲೆ ನಿಂತವನ ಲೆಕ್ಕವೂ ಆ ಪಟ್ಟಿಯಲ್ಲಿ ಇರಬೇಕಲ್ಲವೇ?