ಹಾಸಿಗೆಯನ್ನು ಕತ್ತರಿಸಿದವರು ಯಾರು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಕನ್ನಡ. ಉರ್ದುವಿನಲ್ಲಿ ಹಾಸಿಗೆಯ ಬದಲು ಚಾದರವಿದೆ, ಅಷ್ಟೇ ವ್ಯತ್ಯಾಸ. ಹಬ್ಬಕ್ಕೆ ಹೊಸ ಬಟ್ಟೆ ಕೇಳಿದ ಮಕ್ಕಳ ಬಾಯಿ ಮುಚ್ಚಿಸಲು ಹಿರಿಯರಿಗೆ ಎರಡೂ ಭಾಷೆಗಳಲ್ಲಿ ಈ ಒಂದೇ ಮಾತು ಸಾಕಾಗುತ್ತಿತ್ತು. 2009ರ ಮೇ 19ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಮತದಾರರ ಮುಂದಿಟ್ಟ ಮುಖ್ಯ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ ಆಗಿತ್ತು. ಅಂದು ಒಂದು ದೊಡ್ಡ ಕಾರ್ಮಿಕ ಸಂಘಟನೆ, ಕಾಲು ಮಡಚುವ ಮಾತು ಆಮೇಲೆ, ಹಾಸಿಗೆಯನ್ನು ಕತ್ತರಿಸಿದವರು ಯಾರೆಂದು ಮೊದಲು ಹೇಳಿ ಎಂದು ಕೇಳಿತು.

ನಮ್ಮಲ್ಲಿ ಬಜೆಟ್ಟಿಗೆ ಜನ ಮತ ಹಾಕುವುದಿಲ್ಲ. ಹಣಕಾಸು ಖಾತೆ ಹೊಂದಿದವರು ಓದುತ್ತಾರೆ, ಶಾಸನಸಭೆ ಒಪ್ಪುತ್ತದೆ, ಯಾವುದು ತುಟ್ಟಿಯಾಯಿತೆಂದು ನಾವು ಮರುದಿನ ಪತ್ರಿಕೆಯಲ್ಲಿ ನೋಡುತ್ತೇವೆ. ಕ್ಯಾಲಿಫೋರ್ನಿಯಾದ ದಾರಿ ಬೇರೆ. ರೈಲ್ವೆ ಕಂಪೆನಿಯ ಹಿಡಿತದಿಂದ ರಾಜಕೀಯವನ್ನು ಬಿಡಿಸಲು ಹೊರಟ ಗವರ್ನರ್ ಹೈರಮ್ ಜಾನ್ಸನ್ ಕಾಲದಲ್ಲಿ, 1911ರಲ್ಲಿ, ಅಲ್ಲಿನ ಜನರಿಗೆ ತಾವೇ ಕಾನೂನು ಮಾಡುವ, ಶಾಸಕರು ಮಾಡಿದ್ದನ್ನು ತಳ್ಳಿಹಾಕುವ ಅಧಿಕಾರ ಬಂತು. ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿಯಾಗಬೇಕಾದರೂ ಜನರ ಒಪ್ಪಿಗೆ ಬೇಕೇ ಬೇಕು.

ಬಡವನ ಕೈಗೆಂದು ಕೊಟ್ಟ ಆಯುಧ ಬಡವನ ಕೈಯಲ್ಲೇ ಉಳಿಯುತ್ತದೆಯೇ? 1978ರ ಜೂನ್‌ನಲ್ಲಿ ಹೋವರ್ಡ್ ಜಾರ್ವಿಸ್ ಎಂಬಾತನ ನಾಯಕತ್ವದಲ್ಲಿ 13ನೇ ಪ್ರಸ್ತಾವ ಗೆದ್ದಿತು. ಮನೆ, ಜಮೀನು, ಕಾರ್ಖಾನೆಗಳ ಮೇಲಿನ ತೆರಿಗೆ ಬೆಲೆಯ ಶೇ. 1ಕ್ಕೆ ನಿಂತಿತು. ಆಸ್ತಿ ಕೈ ಬದಲಾಗುವವರೆಗೆ ಅದರ ಲೆಕ್ಕದ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ರಾಜ್ಯದ ತೆರಿಗೆ ಏರಿಸಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಬಜೆಟ್ ಅಂಗೀಕಾರಕ್ಕೂ ಮೂರನೇ ಎರಡರಷ್ಟು ಬೇಕೆಂಬ ನಿಯಮ 1933ರಿಂದಲೇ ಬಂದಿತ್ತು. ಹೀಗಾಗಿ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚಿರುವ ಗುಂಪು ಇಡೀ ರಾಜ್ಯದ ಖಜಾನೆಗೆ ಬೀಗ ಹಾಕಬಹುದಿತ್ತು.

2008ರ ಆರ್ಥಿಕ ಕುಸಿತದ ಬಳಿಕ ಆ ಬೀಗ ಬಿದ್ದೇಬಿಟ್ಟಿತು. ಸುಮಾರು 4,200 ಕೋಟಿ ಡಾಲರ್ ಕೊರತೆ. ಸಿನಿಮಾ ನಟನಾಗಿದ್ದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಗವರ್ನರ್. 2009ರ ಫೆಬ್ರವರಿಯಲ್ಲಿ ರಾತ್ರಿಯಿಡೀ ನಡೆದ ಚೌಕಾಸಿಯ ನಂತರ ರಿಪಬ್ಲಿಕನ್ ಪಕ್ಷದ ಕೆಲವೇ ಮತಗಳು ದಕ್ಕಿ ಬಜೆಟ್ ಪಾಸಾಯಿತು. ತಾತ್ಕಾಲಿಕ ತೆರಿಗೆ ಏರಿಕೆಗೆ ಅವರು ಕೇಳಿದ ಬೆಲೆಯೇ ಖರ್ಚಿಗೆ ಕಡಿವಾಣ. ಅದು ಜನರ ಮುಂದೆ 1ಎ ಪ್ರಸ್ತಾವವಾಗಿ ಬಂತು.

1ಎ ಒಂದು ಜಾಣ ಗಂಟು. ಹಿಂದಿನ ಹತ್ತು ವರ್ಷಗಳ ಆದಾಯ ನೋಡಿ ಒಂದು ಗೆರೆ ಎಳೆಯುವುದು, ಅದಕ್ಕಿಂತ ಹೆಚ್ಚು ಬಂದ ಹಣ ಮೊದಲು ಆಪತ್ಕಾಲದ ನಿಧಿಗೆ ಹೋಗುವುದು. ಕೇಳಲು ಹಿತವಾಗಿಯೇ ಇದೆ. ಯಾವ ಗೃಹಿಣಿ ಬೇಡವೆನ್ನುತ್ತಾಳೆ? ಆದರೆ ಇದೇ ಗಂಟಿನಲ್ಲಿ ಇನ್ನೊಂದು ಎಳೆಯಿತ್ತು. 1ಎ ಗೆದ್ದರೆ ಮಾತ್ರ ಹೊಸ ತೆರಿಗೆಗಳು ಇನ್ನೊಂದೆರಡು ವರ್ಷ ಮುಂದುವರಿದು ಸುಮಾರು 1,600 ಕೋಟಿ ಡಾಲರ್ ತರುತ್ತಿದ್ದವು. ಪಕ್ಕದ 1ಬಿ ಶಾಲೆಗಳಿಗೆ 930 ಕೋಟಿ ಡಾಲರ್ ಬಾಕಿ ತೀರಿಸುವ ಮಾತು ಕೊಡುತ್ತಿತ್ತು, ಅದೂ 1ಎ ಗೆದ್ದರೆ ಮಾತ್ರ.

ಸೇವಾ ನೌಕರರ ಸಂಘಟನೆಯಾದ ಎಸ್‌ಇಐಯುವಿನ ಸಂಕಟ ಇಲ್ಲಿಂದ ಶುರುವಾಯಿತು. ಅದರ ಸದಸ್ಯರು ಆಸ್ಪತ್ರೆ ಗುಡಿಸುವವರು, ಕಚೇರಿಯ ಗುಮಾಸ್ತರು, ಇವರ ಜೊತೆಗೆ ಮುದುಕರನ್ನೂ ಅಂಗವಿಕಲರನ್ನೂ ಅವರವರ ಮನೆಯಲ್ಲೇ ನೋಡಿಕೊಳ್ಳುವ ಹೆಂಗಸರು. ಕತೆ ಬರೆಯುವವಳಾದ ನನ್ನ ಕಣ್ಣು ಇವರ ಮೇಲೆಯೇ ನಿಲ್ಲುತ್ತದೆ. ಹಲವರು ತಮ್ಮ ಹೆತ್ತ ತಾಯಿಗೇ ಸ್ನಾನ ಮಾಡಿಸಿ, ಮಾತ್ರೆ ನುಂಗಿಸಿ, ಅದಕ್ಕೆ ಸರಕಾರದಿಂದ ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ. ತಾಯಿಯ ಸೇವೆಗೂ ಕೂಲಿಯೇ ಎಂದು ನಮ್ಮವರು ಮೂಗು ಮುರಿಯಬಹುದು. ಆದರೆ ಆ ಸೇವೆಗಾಗಿ ಬಿಟ್ಟ ಕೆಲಸದ ಸಂಬಳವನ್ನು ಯಾರು ಕೊಡುತ್ತಾರೆ? ಒಬ್ಬೊಬ್ಬರು ಒಂದೊಂದು ಮನೆಯೊಳಗೆ. ಕಾರ್ಖಾನೆಯ ಗೇಟಿಲ್ಲ, ಊಟದ ಬಿಡುವಿನಲ್ಲಿ ಸೇರುವ ಜಾಗವಿಲ್ಲ. ಇಂಥವರನ್ನು ಮನೆ ಬಾಗಿಲು ತಟ್ಟಿ ತಟ್ಟಿ ಒಗ್ಗೂಡಿಸಲು ಸಂಘಟನೆಗೆ ಹತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 1999ರಲ್ಲಿ ಲಾಸ್ ಏಂಜಲಿಸ್ ಕೌಂಟಿಯೊಂದರಲ್ಲೇ ಸುಮಾರು 74,000 ಮಂದಿ ಅದರೊಳಗೆ ಬಂದರು.

ಇವರ ಕೂಲಿ ಬರುವುದು ತೆರಿಗೆಯಿಂದ. ಹಾಗಾದರೆ ತೆರಿಗೆ ಮುಂದುವರಿಸುವ 1ಎಗೆ ಹೌದೆನ್ನಬೇಕಲ್ಲವೇ? ಸಂಘಟನೆ ಬೇಡವೆಂದಿತು. ಕೆಟ್ಟ ವರ್ಷಗಳನ್ನು ಸೇರಿಸಿ ಅಳೆದ ಗೆರೆಯನ್ನು ಸಂವಿಧಾನದಲ್ಲಿ ಕೆತ್ತಿಬಿಟ್ಟರೆ, ಒಳ್ಳೆಯ ಕಾಲ ಬಂದಾಗಲೂ ಕಡಿದದ್ದು ಮತ್ತೆ ಚಿಗುರುವುದಿಲ್ಲ ಎಂಬುದು ಅದರ ವಾದ. ತೆರಿಗೆ ಎರಡು ವರ್ಷದ್ದು, ಕಡಿವಾಣ ಶಾಶ್ವತದ್ದು.

ಶಿಕ್ಷಕರ ದೊಡ್ಡ ಸಂಘವಾದ ಕ್ಯಾಲಿಫೋರ್ನಿಯಾ ಟೀಚರ್ಸ್ ಅಸೋಸಿಯೇಷನ್ 1ಎ, 1ಬಿ ಎರಡಕ್ಕೂ ಹೌದೆಂದು ಧಾರಾಳವಾಗಿ ಹಣ ಸುರಿಯಿತು. ಶಿಕ್ಷಕರದೇ ಇನ್ನೊಂದು ಸಂಘಟನೆಯಾದ ಫೆಡರೇಷನ್ 1ಎ ಬೇಡವೆಂದಿತು. ದೊಡ್ಡ ಸಂಘವನ್ನು ಸ್ವಾರ್ಥಿಯೆನ್ನಲು ನನಗೆ ಮನಸ್ಸಾಗುವುದಿಲ್ಲ. ಶಿಕ್ಷಕರು ಕೆಲಸ ಕಳೆದುಕೊಳ್ಳುತ್ತಿದ್ದ ವರ್ಷದಲ್ಲಿ 930 ಕೋಟಿಯ ಮಾತನ್ನು ಒದೆಯುವುದು ಸುಲಭವಲ್ಲ. ಹಸಿದ ಎರಡು ಮನೆಗಳ ನಡುವೆ ಒಂದೇ ರೊಟ್ಟಿಯನ್ನು ಇಟ್ಟವರ ಜಾಣತನವನ್ನು ಮಾತ್ರ ಗಮನಿಸಬೇಕು. ಇನ್ನೂ ವಿಚಿತ್ರವೆಂದರೆ, ಜಾರ್ವಿಸ್ ಹೆಸರಿನ ತೆರಿಗೆ ವಿರೋಧಿ ಸಂಘವೂ 1ಎ ವಿರುದ್ಧವೇ ನಿಂತಿತ್ತು. ಅದಕ್ಕೆ ತೆರಿಗೆ ಬೇಡ, ಎಸ್‌ಇಐಯುವಿಗೆ ಕಡಿವಾಣ ಬೇಡ. ಬೇರೆ ಬೇರೆ ಊರಿಗೆ ಹೊರಟವರು ಒಂದೇ ಬಸ್ಸು ಹತ್ತಿದ್ದರು.

ಮತ ಹಾಕಿದವರು ನೋಂದಾಯಿತ ಮತದಾರರಲ್ಲಿ ಸುಮಾರು ಶೇ. 28 ಮಾತ್ರ. ವಲಸೆ ಬಂದು ಪೌರತ್ವ ಸಿಗದ ಕೂಲಿಗಳಿಗೆ ಮತವಿಲ್ಲ. ಅಂಗಡಿಯಲ್ಲಿ ಅದೇ ಮಾರಾಟ ತೆರಿಗೆ ತೆರುತ್ತಿದ್ದ, ವೀಸಾದ ಮೇಲೆ ಅಲ್ಲಿದ್ದ ನಮ್ಮ ಕನ್ನಡದ ಎಂಜಿನಿಯರುಗಳಿಗೂ ಇರಲಿಲ್ಲ. 1ಎಗೆ ಮೂವರಲ್ಲಿ ಸುಮಾರು ಇಬ್ಬರು ಬೇಡವೆಂದರು. ಲಾಟರಿಯ ಮುಂದಿನ ಆದಾಯದ ಮೇಲೆ ಸಾಲ ಎತ್ತುವ 1ಸಿ, ಪುಟ್ಟ ಮಕ್ಕಳ ನಿಧಿಯಿಂದ ಹಣ ತೆಗೆಯುವ 1ಡಿ, ಮಾನಸಿಕ ಆರೋಗ್ಯದ ನಿಧಿಗೆ ಕೈಹಾಕುವ 1ಇ, ಶಾಲೆಗಳ 1ಬಿ ಎಲ್ಲವೂ ಬಿದ್ದವು. ಗೆದ್ದದ್ದು 1ಎಫ್ ಒಂದೇ: ಕೊರತೆಯ ವರ್ಷದಲ್ಲಿ ಶಾಸಕರಿಗೆ ಸಂಬಳ ಏರಿಸಬಾರದು! ಅದಕ್ಕೆ ಶೇ. 74ರಷ್ಟು ಬೆಂಬಲ.

ಗೆದ್ದ ಸಂಘಟನೆಗೆ ಗೆಲುವು ಸಿಹಿಯಾಗಿರಲಿಲ್ಲ. ಜುಲೈ 2ರಿಂದ ಸರಕಾರ ಹಲವು ಬಾಕಿದಾರರಿಗೆ ಹಣದ ಬದಲು 'ಆಮೇಲೆ ಕೊಡುತ್ತೇವೆ' ಎಂಬ ಚೀಟಿ ಕೊಡತೊಡಗಿತು. ರಾಜ್ಯ ನೌಕರರಿಗೆ ತಿಂಗಳಿಗೆ ಮೂರು ದಿನ ಸಂಬಳವಿಲ್ಲದ ರಜೆ. ಮನೆಯಾರೈಕೆಯವರ ಕೂಲಿಗೆ ರಾಜ್ಯ ಕೊಡುವ ಪಾಲನ್ನು ಕಡಿಯುವ ಕ್ರಮವನ್ನು ಜೂನ್‌ನಲ್ಲೇ ಫೆಡರಲ್ ನ್ಯಾಯಾಲಯ ತಡೆದಿದ್ದರಿಂದ ಅಷ್ಟಾದರೂ ಉಳಿಯಿತು. ಬೇಡ ಎಂದವರ ಕೈಯಲ್ಲಿ ಆಗ ಬೇರೆ ಹಾಸಿಗೆ ಇರಲಿಲ್ಲ ಎಂಬ ಟೀಕೆಯನ್ನು ನಾನು ಪೂರ್ತಿ ತಳ್ಳಿಹಾಕಲಾರೆ.

2010ರ ನವೆಂಬರಿನಲ್ಲಿ 25ನೇ ಪ್ರಸ್ತಾವ ಗೆದ್ದು ಬಜೆಟ್ಟಿಗೆ ಸರಳ ಬಹುಮತ ಸಾಕಾಯಿತು. ತೆರಿಗೆಗೆ ಮಾತ್ರ ಹಳೆಯ ಬೀಗ ಹಾಗೇ ಉಳಿಯಿತು. 2012ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಒಂದು ತೆರಿಗೆ ಪ್ರಸ್ತಾವ ಹಿಡಿದು ಹೊರಟಾಗ, ಶಿಕ್ಷಕರ ಫೆಡರೇಷನ್ ಸಿರಿವಂತರ ಮೇಲಿನ ತನ್ನದೇ ತೆರಿಗೆ ಪ್ರಸ್ತಾವದೊಂದಿಗೆ ಎದುರು ನಿಂತಿತ್ತು. ಮಾರ್ಚ್‌ನಲ್ಲಿ ಎರಡೂ ಒಂದಾದವು. ಹಾಗೆ ಹುಟ್ಟಿದ 30ನೇ ಪ್ರಸ್ತಾವ ಹೆಚ್ಚಿನ ಭಾರವನ್ನು ವರ್ಷಕ್ಕೆ 2,50,000 ಡಾಲರ್ ದಾಟಿದ ಆದಾಯದ ಮೇಲೆ ಹಾಕಿತು. ಮೂರು ವರ್ಷಗಳ ಹಿಂದೆ ಬೇರೆಯಾಗಿದ್ದ ಎಸ್‌ಇಐಯುವೂ ಶಿಕ್ಷಕರ ಎರಡೂ ಸಂಘಗಳೂ ಈ ಸಲ ಒಂದೇ ಕಡೆ ಇದ್ದವು. ಶೇ. 55ರಷ್ಟು ಮತದಿಂದ ಅದು ಗೆದ್ದಿತು. 2014ರಲ್ಲಿ ಆಪತ್ಕಾಲದ ನಿಧಿಯೂ ಬೇರೊಂದು ರೂಪದಲ್ಲಿ ಜನರ ಒಪ್ಪಿಗೆ ಪಡೆಯಿತು.

1978ರ ಗಂಟಿಗೆ ಕೈ ಹಾಕಿದ್ದು 2020ರಲ್ಲಿ. ದೊಡ್ಡ ವಾಣಿಜ್ಯ ಆಸ್ತಿಗಳಿಗೆ ಮಾರುಕಟ್ಟೆ ಬೆಲೆಯಂತೆ ತೆರಿಗೆ ಹಾಕುವ 15ನೇ ಪ್ರಸ್ತಾವಕ್ಕೆ ಈ ಸಂಘಟನೆಗಳು ದುಡಿದವು. ಶೇ. 48 ಮಂದಿ ಹೌದೆಂದರು, ಶೇ. 52 ಮಂದಿ ಬೇಡವೆಂದರು.